ನಾಚಿಕೆ ದಿಂಬು

ಸ್ಟಾಕ್‌ಹೋಮಿಗೆ ಬಂದ ಮೊದಲ ವಾರ. 2009ರ ಜನವರಿ. ಮಧ್ಯಾಹ್ನ ಮೂರಕ್ಕೇ ಕತ್ತಲಾಗುತ್ತಿತ್ತು. ಮನೆ ಹತ್ತಿರದ ಅಂಗಡಿಗೆ ಹೋಗಿ, ಹಾಲು ಅಂದುಕೊಂಡು ಹುಳಿ ಮಜ್ಜಿಗೆಯಂಥದ್ದನ್ನು ಬುಟ್ಟಿಗೆ ಹಾಕಿಕೊಂಡಿದ್ದೆ. ಅದು ಕಾಫಿ ಒಡೆದ ಮೇಲೆ ಗೊತ್ತಾಯಿತು, ಆ ಕಥೆ ಬೇರೆ. ಅದೇ ಸಾಲಿನಲ್ಲಿ ಗಾಜಿನ ಬಾಟಲಿಗಳಿದ್ದವು. ಒಳಗೆ ಬೆಳ್ಳಗಿನ ತುಂಡುಗಳು, ಈರುಳ್ಳಿ, ಮಸಾಲೆ ಕಾಳು. ಮೇಲೆ ದಪ್ಪ ಅಕ್ಷರದಲ್ಲಿ ‘ಅಬ್ಬಾ’ ಅಂತ ಬರೆದಿತ್ತು.

ನನಗೆ ಖುಷಿಯೋ ಖುಷಿ. ಅಬ್ಬಾ ಅಂದರೆ ಲೋಕಕ್ಕೆಲ್ಲ ಗೊತ್ತಿರುವ ಸ್ವೀಡನ್ನಿನ ಪಾಪ್ ಬ್ಯಾಂಡ್. ನೋಡಪ್ಪಾ, ಈ ಜನಕ್ಕೆ ತಮ್ಮ ಹಾಡುಗಾರರ ಮೇಲೆ ಎಷ್ಟು ಅಭಿಮಾನ, ಉಪ್ಪಿನಕಾಯಿಗೂ ಅವರದೇ ಹೆಸರು ಇಟ್ಟಿದ್ದಾರೆ ಅಂದುಕೊಂಡೆ. ನಮ್ಮ ಕಡೆ ಅಣ್ಣಾವ್ರ ಹೆಸರಲ್ಲಿ ರಸ್ತೆ ಇದೆ, ಸರ್ಕಲ್ ಇದೆ, ಆಟೋ ಸ್ಟ್ಯಾಂಡ್ ಇದೆ. ಉಪ್ಪಿನಕಾಯಿ ನಾನಂತೂ ಕಂಡಿಲ್ಲ.

ಮರುದಿನ ಆಫೀಸಿನಲ್ಲಿ ಕಾಫಿ ಹೊತ್ತಿಗೆ ಇದನ್ನು ಹೇಳಿದೆ. ಎಲ್ಲರೂ ನಕ್ಕರು. ನನ್ನ ಪಕ್ಕದ ಮೇಜಿನವರು, ಆಗ ಐವತ್ತರ ಹತ್ತಿರ ಇದ್ದವರು, ಜಾಸ್ತಿ ನಕ್ಕರು. ‘ಅದು ಉಪ್ಪಿನಕಾಯಿ ಅಲ್ಲ, ಮೀನು’ ಅಂದರು. ಹೆರಿಂಗ್ ಮೀನನ್ನು ವಿನಿಗರ್, ಸಕ್ಕರೆ ಹಾಕಿ ಇಡುವುದಂತೆ. ಆ ಮೀನಿನ ಕಂಪನಿ ಬ್ಯಾಂಡಿಗಿಂತ ಬಹಳ ಹಳೆಯದು. ಬ್ಯಾಂಡಿನವರೇ ಹೋಗಿ ಹೆಸರು ಇಟ್ಟುಕೊಳ್ಳಲು ಒಪ್ಪಿಗೆ ಕೇಳಿದ್ದರಂತೆ. ಆಗ್ನೆತಾ, ಬ್ಯೋರ್ನ್, ಬೆನ್ನಿ, ಆನಿ-ಫ್ರೀದ್. ನಾಲ್ಕು ಹೆಸರಿನ ಮೊದಲಕ್ಷರ ಕೂಡಿಸಿದರೆ ಮೀನಿನ ಡಬ್ಬಿ ಬಂತು. ಏನು ಮಾಡೋಕಾಗುತ್ತೆ?

ಆಮೇಲೆ ಅವರು ಹೇಳಿದ ಮಾತು ಮನಸ್ಸಿನಲ್ಲಿ ಉಳಿಯಿತು. ‘ಅಭಿಮಾನದ ವಿಷಯಕ್ಕೆ ಬಂದರೆ, ನಾನು ಹುಡುಗನಾಗಿದ್ದಾಗ ಅಬ್ಬಾ ಇಷ್ಟ ಅಂತ ಬಾಯಿಬಿಟ್ಟು ಹೇಳುವ ಹಾಗೇ ಇರಲಿಲ್ಲ.’

ನಾನು ನಂಬಲಿಲ್ಲ. ಲೋಕವೆಲ್ಲ ಕುಣಿದ ಹಾಡುಗಳು. ತಿಪಟೂರಿನಂಥ ಊರಿನಲ್ಲೂ ಕ್ಯಾಸೆಟ್ ಅಂಗಡಿಯವನ ಇಂಗ್ಲಿಷ್ ಸಾಲಿನಲ್ಲಿದ್ದ ನಾಲ್ಕೈದು ಕ್ಯಾಸೆಟ್‌ಗಳಲ್ಲಿ ಅದೂ ಒಂದಾಗಿತ್ತು. ಹುಟ್ಟಿದ ಊರಿನಲ್ಲೇ ಹೇಳಿಕೊಳ್ಳಲು ನಾಚಿಕೆಯಾ?

ನಿಜವೇ ಆಗಿತ್ತು. 1974ರ ಏಪ್ರಿಲ್ 6ರಂದು ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಯೂರೋಪಿನ ದೇಶಗಳ ನಡುವಿನ ಯೂರೋವಿಷನ್ ಹಾಡಿನ ಸ್ಪರ್ಧೆ ನಡೆಯಿತು. ಅಬ್ಬಾ ‘ವಾಟರ್‌ಲೂ’ ಹಾಡಿ ಗೆದ್ದರು. ಸ್ವೀಡನ್ನಿಗೆ ಅದೇ ಮೊದಲ ಗೆಲುವು. ಅಂದು ಬ್ರಿಟನ್ನಿನ ತೀರ್ಪುಗಾರರು ಅವರಿಗೆ ಒಂದೂ ಅಂಕ ಕೊಟ್ಟಿರಲಿಲ್ಲ. ಇವತ್ತು ಅದೇ ಬ್ರಿಟನ್ನಿನಲ್ಲಿ ಅಬ್ಬಾ ಹಾಡಿಲ್ಲದೆ ಮದುವೆ ಪಾರ್ಟಿ ಮುಗಿಯುವುದಿಲ್ಲ. ಆದರೆ ಗೆದ್ದು ಮನೆಗೆ ಬಂದರೆ ಇಲ್ಲಿ ಅರ್ಧ ಊರು ಮುಖ ತಿರುಗಿಸಿಕೊಂಡಿತ್ತು. ಆಗ ಇಲ್ಲಿ ‘ಪ್ರೊಗ್’ ಅನ್ನುವ ಸಂಗೀತದ ಅಲೆ ಎದ್ದಿತ್ತು. ಎಡಪಂಥದ ಹುಡುಗ ಹುಡುಗಿಯರು, ಗಿಟಾರು, ಬಯಲಿನಲ್ಲಿ ಪುಕ್ಕಟೆ ಸಂಗೀತ. ಹಾಡು ಸ್ವೀಡಿಶ್‌ನಲ್ಲೇ ಇರಬೇಕು, ದುಡ್ಡಿಗಾಗಿ ಇರಬಾರದು, ಏನಾದರೂ ಹೇಳಬೇಕು. ವಿಯೆಟ್ನಾಂ ಯುದ್ಧ ನಡೆಯುತ್ತಿರುವಾಗ ಮಿರಮಿರ ಮಿಂಚುವ ಬಟ್ಟೆ ಹಾಕಿಕೊಂಡು ಇಂಗ್ಲಿಷಿನಲ್ಲಿ ನೆಪೋಲಿಯನ್ ಸೋತ ಕಥೆಯನ್ನು ಪ್ರೇಮಕ್ಕೆ ಹೋಲಿಸುವುದು ಅವರ ಕಣ್ಣಿಗೆ ಪಾಪವೇ ಆಗಿತ್ತು.

ಆ ಬಟ್ಟೆಗೂ ಒಂದು ಕಥೆ ಇದೆ. ದಿನನಿತ್ಯ ಹಾಕಿಕೊಂಡು ಓಡಾಡಲು ಆಗದಂಥ ಬಟ್ಟೆಯಾದರೆ ಅದರ ಖರ್ಚಿಗೆ ತೆರಿಗೆಯಲ್ಲಿ ವಿನಾಯಿತಿ ಸಿಗುತ್ತಿತ್ತು ಅಂತ ಬ್ಯೋರ್ನ್ ಅವರೇ ಹೇಳಿಕೊಂಡಿದ್ದಾರೆ. ನಮ್ಮಪ್ಪ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. ಅಬ್ಬಾ ವಿಷಯದಲ್ಲಿ ಅವರು ಮೆಚ್ಚಿದ್ದು ಇದೊಂದನ್ನೇ.

ಗೆದ್ದ ದೇಶದಲ್ಲೇ ಮುಂದಿನ ವರ್ಷದ ಸ್ಪರ್ಧೆ. ಹಾಗಾಗಿ 1975ರ ಮಾರ್ಚ್‌ನಲ್ಲಿ ಯೂರೋವಿಷನ್ ಸ್ಟಾಕ್‌ಹೋಮಿಗೇ ಬಂತು. ಅದಕ್ಕೆ ಎದುರಾಗಿ ಪ್ರೊಗ್‌ನವರು ಇದೇ ಊರಿನಲ್ಲಿ ಬೇರೆಯೇ ಒಂದು ಉತ್ಸವ ಮಾಡಿದರು. ಬೀದಿಯಲ್ಲಿ ಮೆರವಣಿಗೆಯೂ ನಡೆಯಿತು. ಹಾಡಿನ ಸ್ಪರ್ಧೆ ಬೇಡ ಅಂತ ಮೆರವಣಿಗೆ! ಉಲ್ಫ್ ದಾಗೆಬಿ ಅನ್ನುವ ಹಾಡುಗಾರ ಆಗ ಅಬ್ಬಾದವರನ್ನು ಗೇಲಿ ಮಾಡಿ ಒಂದು ಹಾಡನ್ನೇ ಕಟ್ಟಿದರು. ಪ್ಲಾಸ್ಟಿಕ್ ಬಟ್ಟೆಯವರು, ಡಬ್ಬಿಯೊಳಗಿನ ಮೀನಿನಷ್ಟೇ ಜೀವ ಇರುವವರು ಅನ್ನುವ ಅರ್ಥ ಅದರಲ್ಲಿದೆ. ನಾನು ಅಂಗಡಿಯಲ್ಲಿ ಕಂಡ ಬಾಟಲಿ ಆ ಹೊತ್ತಿಗೇ ಬೈಗುಳವಾಗಿತ್ತು. 1976ರಲ್ಲಿ ಸ್ವೀಡನ್ ಯೂರೋವಿಷನ್‌ಗೆ ಹೋಗಲೇ ಇಲ್ಲ.

ನಮ್ಮ ಸಹೋದ್ಯೋಗಿ ಆಗ ಹದಿನೈದರ ಹುಡುಗ. ಅಣ್ಣನ ಕೈಹಿಡಿದು ಆ ಎದುರು ಉತ್ಸವಕ್ಕೆ ಹೋಗಿದ್ದರಂತೆ. ಮನೆಯಲ್ಲಿ ಅಕ್ಕ ಮಾತ್ರ ಅಬ್ಬಾ ರೆಕಾರ್ಡನ್ನು ಪ್ರೊಗ್ ಬ್ಯಾಂಡಿನ ರಟ್ಟಿನ ಕವರಿನೊಳಗೆ ಹಾಕಿ ಇಟ್ಟುಕೊಂಡಿದ್ದರು. ಅಣ್ಣನ ಗೆಳೆಯರು ಬಂದು ರೆಕಾರ್ಡುಗಳನ್ನು ತಿರುವಿ ನೋಡಿದರೆ ಮಾನ ಹೋಗಬಾರದಲ್ಲ!

ಇದನ್ನು ಕೇಳುತ್ತಾ ನನಗೆ ನಮ್ಮನೆಯ ಟೇಪ್ ರೆಕಾರ್ಡರ್ ನೆನಪಾಯಿತು. ಅದಕ್ಕೆ ಮುಂಚೆ ಅಪ್ಪ-ಚಿಕ್ಕಪ್ಪನ ಜಗಳದ ವಿಷಯ ಹೇಳಿಬಿಡುತ್ತೇನೆ.

ಅದೇ 1974ರಲ್ಲಿ ನಮ್ಮಲ್ಲಿ ‘ಸಂಪತ್ತಿಗೆ ಸವಾಲ್’ ಬಂತು. ಜಿ.ಕೆ. ವೆಂಕಟೇಶ್ ಸಂಗೀತ. ರಾಜ್‌ಕುಮಾರ್ ಎಮ್ಮೆ ಮೇಲೆ ಕುಳಿತು ‘ಯಾರೇ ಕೂಗಾಡಲಿ’ ಹಾಡಿದರು. ಬರೀ ತುಟಿ ಆಡಿಸಿದ್ದಲ್ಲ, ತಮ್ಮ ದನಿಯಲ್ಲೇ ಹಾಡಿದ್ದು. ಅದಕ್ಕೆ ಮುಂಚೆ ಅಲ್ಲೊಂದು ಇಲ್ಲೊಂದು ಹಾಡಿದ್ದರೂ, ಅವರ ಮುಖಕ್ಕೆ ಜನ ಒಪ್ಪಿಕೊಂಡಿದ್ದ ದನಿ ಪಿ.ಬಿ. ಶ್ರೀನಿವಾಸ್ ಅವರದ್ದು. ಈ ಎಮ್ಮೆ ಹಾಡು ಎಷ್ಟು ಓಡಿತು ಅಂದರೆ, ಆಮೇಲೆ ರಾಜ್ ತಮ್ಮ ಹಾಡನ್ನು ಹೆಚ್ಚಾಗಿ ತಾವೇ ಹಾಡತೊಡಗಿದರು. ಪಿಬಿಎಸ್‌ಗೆ ಕೆಲಸ ಕಡಿಮೆಯಾಯಿತು.

ನಮ್ಮಪ್ಪ ಪಿಬಿಎಸ್ ಪಕ್ಷ. ಚಿಕ್ಕಪ್ಪ ರಾಜ್ ಪಕ್ಷ. ನಾನು ಹುಟ್ಟಿದ್ದು 1978ರಲ್ಲಿ. ಹುಟ್ಟುವ ಮುಂಚೆ ಶುರುವಾದ ಜಗಳ ನನ್ನ ಉಪನಯನದವರೆಗೂ ನಡೆದಿತ್ತು. ‘ಜೇನಿನ ದನಿ ಬಿಟ್ಟು ಮೂಗಿನ ದನಿ ಕೇಳ್ತೀಯಲ್ಲೋ’ ಅಂತ ಅಪ್ಪ. ‘ಅಣ್ಣ, ಅವರು ಗುಬ್ಬಿ ಕಂಪನಿಯಲ್ಲಿ ಹಾಡಿ ಹಾಡಿ ಬೆಳೆದವರು. ಅವರ ಹಾಡು ಅವರು ಹಾಡಿದರೆ ನಿನಗೇನು ಕಷ್ಟ?’ ಅಂತ ಚಿಕ್ಕಪ್ಪ. ರೇಡಿಯೋದಲ್ಲಿ ಮೆಚ್ಚಿನ ಚಿತ್ರಗೀತೆ ಬರುವ ಹೊತ್ತಿಗೆ ಇಬ್ಬರೂ ಒಂದೇ ಜಗಲಿಯಲ್ಲಿ ಕೂರುತ್ತಿದ್ದರು. ಹಾಡು ಕೇಳಿ ಬರೆದವರ ಹೆಸರನ್ನು ಉದ್ದಕ್ಕೆ ಓದುತ್ತಾರಲ್ಲ, ಆಗ ಯಾವ ದನಿ ಬರುತ್ತೋ ಅಂತ ಇಬ್ಬರಿಗೂ ಕಾತರ. ಸೋತವನು ಎದ್ದು ಒಳಗೆ ಹೋಗುತ್ತಿದ್ದ.

1992ರ ಸಾಲಿನ ಒಳ್ಳೆಯ ಗಾಯಕ ಅಂತ ರಾಜ್‌ಗೆ ‘ಜೀವನ ಚೈತ್ರ’ದ ಹಾಡಿಗೆ ರಾಷ್ಟ್ರಪ್ರಶಸ್ತಿ ಬಂತು. ಚಿಕ್ಕಪ್ಪ ಪೇಪರ್ ಹಿಡಿದುಕೊಂಡು ಮನೆಗೆ ಬಂದ. ಅಪ್ಪ ಓದಿ ಮಡಿಸಿಟ್ಟು, ‘ಅದು ತೋಡಿ ರಾಗ. ತೋಡಿ ಯಾರು ಹಾಡಿದ್ರೂ ಚೆನ್ನಾಗಿರುತ್ತೆ’ ಅಂದರು.

ಇಷ್ಟಾದರೂ ಇಬ್ಬರೂ ಒಪ್ಪುತ್ತಿದ್ದ ಒಂದು ವಿಷಯ ಇತ್ತು. ಹೊಸ ಹಾಡೆಲ್ಲ ಕೆಟ್ಟದ್ದು.

1987ರಲ್ಲಿ ‘ಪ್ರೇಮಲೋಕ’ ಬಂದಾಗ ನನಗೆ ಒಂಬತ್ತು ವರ್ಷ. ರವಿಚಂದ್ರನ್, ಬೈಕು, ಕಾಲೇಜು. ಹಂಸಲೇಖ ಅವರ ಮಾತಿನಂಥ ಹಾಡುಗಳು, ನಡುನಡುವೆ ಇಂಗ್ಲಿಷ್ ಪದ. ಬಸ್‌ಸ್ಟ್ಯಾಂಡ್ ಪಕ್ಕದ ಕ್ಯಾಸೆಟ್ ಅಂಗಡಿಯವನು ಬೆಳಿಗ್ಗೆ ಶಟರ್ ಎತ್ತಿದರೆ ರಾತ್ರಿಯವರೆಗೂ ಅದೇ. ಅಪ್ಪ ಮಂಡಿಯಿಂದ ಬಂದವರು ಕೈಕಾಲು ತೊಳೆಯುವ ಮುಂಚೆಯೇ ಶುರು ಮಾಡುತ್ತಿದ್ದರು. ‘ಇದು ಹಾಡಾ? ಬಸ್‌ಸ್ಟ್ಯಾಂಡಲ್ಲಿ ಮಾತಾಡೋದಕ್ಕೆ ತಾಳ ಹಾಕಿದ ಹಾಗಿದೆ.’ ಚಿಕ್ಕಪ್ಪನೂ ತಲೆಯಾಡಿಸುತ್ತಿದ್ದ. ಅಣ್ಣ ತಮ್ಮ ಒಂದಾಗಿದ್ದು ಹಂಸಲೇಖ ಅವರಿಂದ.

ಕ್ಯಾಸೆಟ್ ಕೊಳ್ಳುವಷ್ಟು ದುಡ್ಡು ನಮ್ಮ ಹತ್ತಿರ ಇರಲಿಲ್ಲ. ಖಾಲಿ ಕ್ಯಾಸೆಟ್ ಕೊಟ್ಟು, ಚೀಟಿಯಲ್ಲಿ ಹಾಡಿನ ಹೆಸರು ಬರೆದುಕೊಟ್ಟರೆ ಅಂಗಡಿಯವನೇ ತುಂಬಿಸಿಕೊಡುತ್ತಿದ್ದ. ಅರವತ್ತು ನಿಮಿಷದ್ದಾದರೆ ಹನ್ನೆರಡು ಹಾಡು, ತೊಂಬತ್ತರದ್ದಾದರೆ ಹದಿನೆಂಟರ ತನಕ. ಅಮ್ಮ ದಾಸರ ಪದ ತುಂಬಿಸಿಕೊಂಡು ಬಾ ಅಂತ ತೊಂಬತ್ತರದ್ದು ಕೊಟ್ಟು ಕಳಿಸಿದರು. ಅಕ್ಕ ಚೀಟಿ ಬರೆದಳು. ಎ ಸೈಡ್ ದಾಸರ ಪದ. ಬಿ ಸೈಡ್ ಪ್ರೇಮಲೋಕ. ಮೇಲಿನ ಲೇಬಲ್‌ನಲ್ಲಿ ಎರಡೂ ಕಡೆ ‘ದೇವರನಾಮ’.

ಒಂದೂವರೆ ತಿಂಗಳು ಯಾರಿಗೂ ಗೊತ್ತಾಗಲಿಲ್ಲ. ಒಂದು ಶುಕ್ರವಾರ ಬೆಳಿಗ್ಗೆ ಪೂಜೆ ಸ್ವಲ್ಪ ತಡವಾಯಿತು. ಎ ಸೈಡ್ ಮುಗಿದು ಟಕ್ ಅಂತ ಬಟನ್ ಮೇಲೆ ಬಂತು. ಅಪ್ಪ ಮಡಿಯಲ್ಲೇ ಬಂದು, ಒದ್ದೆ ಕೈಯಲ್ಲಿ ಕ್ಯಾಸೆಟ್ ತಿರುಗಿಸಿ ಹಾಕಿ, ಗಂಟೆ ಹಿಡಿದುಕೊಂಡು ದೇವರ ಮುಂದೆ ನಿಂತರು. ಮಂಗಳಾರತಿ ತಟ್ಟೆ ಮೇಲೆ ಹೋಯಿತು, ಬೈಕಿನ ಸದ್ದೂ ಶುರುವಾಯಿತು. ಅಕ್ಕನಿಗೂ ನನಗೂ ಆ ದಿನ ಬಿದ್ದದ್ದನ್ನು ಇಲ್ಲಿ ಬರೆಯುವುದಿಲ್ಲ.

ಇದನ್ನೆಲ್ಲ ನಾನು ಆ ಸಹೋದ್ಯೋಗಿಗೆ ಹೇಳಿದೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಒಂದು ಪ್ರಶ್ನೆ ಕೇಳಿದರು. ‘ಈಗ ನಿಮ್ಮಪ್ಪ ಏನು ಹೇಳ್ತಾರೆ?’ ಅಂತ. (ಇಲ್ಲಿ ಎಲ್ಲರೂ ಎಲ್ಲರಿಗೂ ನೀನು ಅನ್ನುವುದೇ. ಮ್ಯಾನೇಜರಿಗೂ ನೀನು, ಡಾಕ್ಟರಿಗೂ ನೀನು. ಕನ್ನಡದಲ್ಲಿ ಬರೆಯುವಾಗ ಮಾತ್ರ ನನ್ನ ಕೈ ತಾನೇ ‘ಅವರು’ ಅಂತ ಬರೆಯುತ್ತದೆ.)

ಈಗ ಅಪ್ಪ ಏನು ಹೇಳುತ್ತಾರೆ? ಪ್ರೇಮಲೋಕವನ್ನು ತಾವು ಬೈದೇ ಇಲ್ಲ ಅನ್ನುತ್ತಾರೆ. ‘ಆಗಿನ ಹಾಡಲ್ಲಿ ಏನು ಸಾಹಿತ್ಯ, ಏನು ರಾಗ. ಈಗಿನವು ಹಾಡೇನೋ?’ ಅಂತ ಫೋನಿನಲ್ಲಿ ನನಗೇ ಹೇಳುತ್ತಾರೆ. ‘ಅಪ್ಪಾ, ನೀವು ಆಗ ಬೈದಿದ್ರಲ್ಲ’ ಅಂದರೆ, ‘ನಾನ್ಯಾಕೆ ಬೈಲಿ?’ ಅನ್ನುತ್ತಾರೆ. ಸುಳ್ಳು ಹೇಳುತ್ತಿಲ್ಲ. ಅವರಿಗೆ ನಿಜವಾಗಿಯೂ ಹಾಗೇ ನೆನಪಿದೆ.

ನಾನು ಎರಡು ಕಡೆಯ ರೀತಿಯನ್ನು ಹೋಲಿಸುವುದು ಇಲ್ಲಿಂದಲೇ. ನಮ್ಮವರು ಹಳೇ ಹಾಡಿಗೆ ಕೈಮುಗಿಯುತ್ತಾರೆ. ಆದರೆ ಅದು ಹೊಸದಾಗಿದ್ದಾಗ ಬೈದದ್ದನ್ನು ಮರೆತುಬಿಡುತ್ತಾರೆ. ಇಲ್ಲಿಯವರು ಬೈದದ್ದನ್ನೂ ಲೆಕ್ಕ ಇಟ್ಟುಕೊಂಡಿದ್ದಾರೆ. 1975ರ ಆ ಜಗಳ ಇಲ್ಲಿನ ಟಿವಿಯಲ್ಲಿ, ಪುಸ್ತಕದಲ್ಲಿ ಮತ್ತೆ ಮತ್ತೆ ಬರುತ್ತದೆ. ‘ನಾವು ಆಗ ಬೈದೆವು, ಈಗ ಕುಣಿಯುತ್ತೇವೆ’ ಅಂತ ಅವರೇ ಹೇಳಿಕೊಂಡು ನಗುತ್ತಾರೆ. ‘ಆಗಲೂ ಸೇರುತ್ತಿರಲಿಲ್ಲ, ಈಗಲೂ ಸೇರುವುದಿಲ್ಲ’ ಅನ್ನುವವರೂ ಇದ್ದಾರೆ. ನಮ್ಮ ಸಹೋದ್ಯೋಗಿಯೇ ಆ ಗುಂಪು. ಅವರಿಗೆ ಅಬ್ಬಾ ಅಂದರೆ ಇವತ್ತಿಗೂ ಸಕ್ಕರೆ ಜಾಸ್ತಿಯಾದ ಪಾಯಸ. ಹಾಗಂತ ಅವರನ್ನು ಯಾರೂ ದೇಶದ್ರೋಹಿ ಅನ್ನುವುದಿಲ್ಲ. ರಾಜ್ ಹಾಡು ನನಗೆ ಅಷ್ಟಕ್ಕಷ್ಟೇ ಅಂತ ಒಬ್ಬ ಕನ್ನಡಿಗ ಕನ್ನಡ ಕೂಟದ ವೇದಿಕೆ ಮೇಲೆ ಹೇಳಲಿ ನೋಡೋಣ.

ಮನಸ್ಸು ಬದಲಾಗುವ ಬಗೆಯಲ್ಲಿ ಮಾತ್ರ ಎರಡೂ ಕಡೆಯವರು ಒಂದೇ. ಇಬ್ಬರಿಗೂ ಒಂದು ಸರ್ಟಿಫಿಕೇಟ್ ಬೇಕು. 1995ರ ಅಕ್ಟೋಬರ್‌ನಲ್ಲಿ ಬೆನ್ನಿ ಮತ್ತು ಬ್ಯೋರ್ನ್ ಮಾಲ್ಮೋ ಊರಿನಲ್ಲಿ ‘ಕ್ರಿಸ್ತೀನಾ’ ಅನ್ನುವ ದೊಡ್ಡ ಸಂಗೀತ ನಾಟಕ ತಂದರು. ಬರಗಾಲದ ಸ್ವೀಡನ್ ಬಿಟ್ಟು ಅಮೆರಿಕಕ್ಕೆ ಹೋದ ಬಡ ರೈತರ ಕಥೆ. ಸ್ವೀಡಿಶ್ ಭಾಷೆ, ಹಳ್ಳಿಯ ಸಂಗೀತದ ವಾಸನೆ. ಅಬ್ಬಾ ಹೆಸರೆತ್ತಿದರೆ ಮೂಗು ಮುರಿಯುತ್ತಿದ್ದವರೂ ಅದನ್ನು ನೋಡಿ ಕಣ್ಣೊರೆಸಿಕೊಂಡರು. ಅದೇ 1995ರ ಸಾಲಿನಲ್ಲಿ ಹಂಸಲೇಖ ಅವರಿಗೆ ‘ಗಾನಯೋಗಿ ಪಂಚಾಕ್ಷರ ಗವಾಯಿ’ ಚಿತ್ರದ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ ಬಂತು. ನಮ್ಮಪ್ಪ ಹಂಸಲೇಖ ಅವರಿಗೆ ‘ಅವರು’ ಅನ್ನಲು ಶುರು ಮಾಡಿದ್ದು ಅಲ್ಲಿಂದಲೇ. ಅದಕ್ಕೆ ಮುಂಚೆ ‘ಅವನು’.

ಆದರೆ ಹಾಡಿಗೆ ಆ ಸರ್ಟಿಫಿಕೇಟ್ ಯಾಕೆ ಬೇಕಿತ್ತು? ಶಾಸ್ತ್ರೀಯ ರಾಗ ಹಾಕಿದ, ಬಡವರ ಕಥೆ ಹೇಳಿದ, ಸರಿ. ಅವನು ಮೊದಲು ಮಾಡಿದ ಬೈಕಿನ ಹಾಡು ಅದರಿಂದ ಒಂದು ಸ್ವರ ಬದಲಾಯಿತಾ? 1974ರಲ್ಲಿ ಚೆನ್ನಾಗಿದ್ದ ಹಾಡು 1974ರಲ್ಲೇ ಚೆನ್ನಾಗಿತ್ತು. ಅಕ್ಕನಿಗೆ ಗೊತ್ತಿತ್ತು. ನಮ್ಮನೆ ಅಕ್ಕನಿಗೂ, ಸ್ಟಾಕ್‌ಹೋಮಿನ ಆ ಮನೆಯ ಅಕ್ಕನಿಗೂ. ಯಾವ ಪ್ರಶಸ್ತಿಗೂ ಕಾಯದೆ, ಹೊಡೆತ ತಿಂದಾದರೂ ಕೇಳಿದವರು ಅವರು. ಕೊನೆಗೆ ಕಾಲ ಅವರ ಕಡೆಗೇ ಬಂತು. 1992ರಲ್ಲಿ ಹಿಟ್ ಹಾಡುಗಳ ಸಂಗ್ರಹ ‘ಅಬ್ಬಾ ಗೋಲ್ಡ್’ ಬಂದು ಮನೆಮನೆಗೂ ಹೋಯಿತು. 1999ರ ಏಪ್ರಿಲ್ 6ಕ್ಕೆ, ಬ್ರೈಟನ್ ಗೆಲುವಿಗೆ ಸರಿಯಾಗಿ ಇಪ್ಪತ್ತೈದು ವರ್ಷ ತುಂಬಿದ ದಿನ, ಲಂಡನ್ನಿನಲ್ಲಿ ಅಬ್ಬಾ ಹಾಡುಗಳನ್ನೇ ಪೋಣಿಸಿದ ‘ಮಮ್ಮ ಮೀಯಾ’ ನಾಟಕ ಶುರುವಾಯಿತು. 2013ರಲ್ಲಿ ಇಲ್ಲಿಯ ಯೂರ್‌ಗೋರ್ಡನ್ ದ್ವೀಪದಲ್ಲಿ ಅಬ್ಬಾ ಮ್ಯೂಸಿಯಂ. 2024ರ ಮೇ 31ರಂದು ಸ್ವೀಡನ್ ರಾಜನೇ ನಾಲ್ವರನ್ನೂ ಕರೆಸಿ ಪದಕ ಹಾಕಿದ. ಮೀನಿನ ಡಬ್ಬಿ ಅಂತ ಹಾಡು ಕಟ್ಟಿದ ಊರಿನಲ್ಲೇ.

ಇಲ್ಲಿಯವರ ಹತ್ತಿರ ನಾನು ಕಲಿತ ಒಂದು ಪದ ಇದೆ. ಶೆಮ್ಸ್‌ಕುದ್ದೆ. ನಾಚಿಕೆ ದಿಂಬು ಅಂತ ಅರ್ಥ. ಟಿವಿಯಲ್ಲಿ ಯಾರಾದರೂ ನೋಡುವವರಿಗೇ ನಾಚಿಕೆಯಾಗುವ ಹಾಗೆ ಆಡುತ್ತಿದ್ದರೆ, ಸೋಫಾ ಮೇಲಿನ ದಿಂಬನ್ನು ಮುಖಕ್ಕೆ ಹಿಡಿದುಕೊಳ್ಳುತ್ತೇವಲ್ಲ, ಅದು. ಎದ್ದು ಹೋಗುವುದಿಲ್ಲ, ಚಾನೆಲ್ ಬದಲಾಯಿಸುವುದಿಲ್ಲ. ದಿಂಬಿನ ಅಂಚಿನಿಂದ ಇಣುಕಿ ನೋಡುತ್ತಾ ಹಾಡುತ್ತಲೂ ಇರುತ್ತಾರೆ. ಹಳೇ ಹಿಟ್ ಹಾಡುಗಳನ್ನು ಇವರು ಹೆಚ್ಚಾಗಿ ನೋಡುವುದು ಹೀಗೆಯೇ. ನಾಚಿಕೆಯೂ ಇದೆ, ಪ್ರೀತಿಯೂ ಇದೆ. ಎರಡರಲ್ಲಿ ಒಂದನ್ನು ಬಿಡಬೇಕು ಅಂತ ಯಾರೂ ಹೇಳುವುದಿಲ್ಲ.

ಆ ದಿಂಬು ನಮ್ಮ ಹತ್ತಿರ ಇದ್ದಿದ್ದರೆ ಒಂದು ರಾಜ್ಯೋತ್ಸವದ ಸಂಜೆ ಕೆಡುತ್ತಿರಲಿಲ್ಲ.

ಇಲ್ಲಿ ನವೆಂಬರ್‌ನ ಯಾವುದೋ ಶನಿವಾರ ಶಾಲೆಯ ಹಾಲ್ ಬಾಡಿಗೆಗೆ ಹಿಡಿದು ರಾಜ್ಯೋತ್ಸವ ಮಾಡುತ್ತೇವೆ. ಬಿಸಿಬೇಳೆ ಬಾತ್, ಮಕ್ಕಳ ಡ್ಯಾನ್ಸ್, ಕೊನೆಗೆ ಕರೋಕೆ. ಒಬ್ಬ ಹುಡುಗ, ಇಪ್ಪತ್ತೈದು ವರ್ಷ ಇರಬಹುದು, ಮೈಕ್ ಹಿಡಿದು ‘ಇಫ್ ಯು ಕಮ್ ಟುಡೇ’ ಹಾಡಿದ. 1978ರ ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರದಲ್ಲಿ ರಾಜ್‌ಕುಮಾರ್ ಇಂಗ್ಲಿಷಿನಲ್ಲಿ ಹಾಡಿದ ಹಾಡು. ಟಿಕ್ ಟಿಕ್ ಟಿಕ್ ಬರುವ ಕಡೆ ಹುಡುಗರೆಲ್ಲ ಜೊತೆ ಸೇರಿದರು. ಅರ್ಧ ಹಾಲ್ ಬಿದ್ದು ಬಿದ್ದು ನಗುತ್ತಿತ್ತು. ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದರು. ‘ಅಣ್ಣಾವ್ರನ್ನ ಗೇಲಿ ಮಾಡೋಕೆ ಇಷ್ಟು ದೂರ ಬಂದ್ರೇನ್ರೋ?’ ಅಂದರು. ಹಾಲ್ ತಣ್ಣಗಾಯಿತು. ಹುಡುಗ ಮುಖ ಸಣ್ಣ ಮಾಡಿಕೊಂಡು, ‘ಗೇಲಿ ಅಲ್ಲ ಸಾರ್, ನಂಗೆ ನಿಜವಾಗ್ಲೂ ಇಷ್ಟ ಈ ಹಾಡು’ ಅಂದ. ಅವರು ನಂಬಲಿಲ್ಲ. ‘ಇಷ್ಟ ಆದ್ರೆ ನಗ್ತಿದ್ದದ್ದು ಯಾಕೆ?’

ಹುಡುಗನಿಗೆ ಉತ್ತರ ಹೊಳೆಯಲಿಲ್ಲ. ನನಗೂ ಆ ಹೊತ್ತಿಗೆ ಹೊಳೆಯಲಿಲ್ಲ, ಸುಮ್ನೆ ಬಿಸಿಬೇಳೆ ಬಾತ್ ತಟ್ಟೆ ನೋಡುತ್ತಾ ನಿಂತೆ. ಇಬ್ಬರೂ ಸರಿಯೇ ಇದ್ದರು. ಆ ಇಂಗ್ಲಿಷ್ ಕೇಳಿದರೆ ನಗು ಬರುತ್ತದೆ. ನನಗೂ ಬರುತ್ತದೆ. ಆದರೆ ಆ ಮನುಷ್ಯ ಅಳುಕಿಲ್ಲದೆ, ಯಾರ ಮುಲಾಜೂ ಇಲ್ಲದೆ ಹಾಡುವ ರೀತಿಗೆ ಮೈ ಜುಂ ಅನ್ನುತ್ತದೆ. ಹೆಚ್ಚು ಓದಿಲ್ಲದ, ನಾಟಕ ಕಂಪನಿಯಲ್ಲಿ ಬೆಳೆದ ಮನುಷ್ಯ ಹಾಡಿದ ಇಂಗ್ಲಿಷ್ ಅದು. ಮುಂದೆ ನಾಲ್ಕೇ ವರ್ಷಕ್ಕೆ, 1982ರಲ್ಲಿ, ಕನ್ನಡಕ್ಕೆ ಮೊದಲ ಸ್ಥಾನ ಬೇಕು ಅಂತ ಗೋಕಾಕ್ ಚಳವಳಿಗೆ ಇಳಿದು ಊರೂರು ಸುತ್ತಿದವರೂ ಅವರೇ. ಎರಡೂ ಅವರಿಗೆ ಸಹಜವಾಗಿತ್ತು. ನಮಗೇ ಕಷ್ಟ.

ಆ ಹಾಡನ್ನು ನಾನು ಸೋಮವಾರ ನಮ್ಮ ಸಹೋದ್ಯೋಗಿಗೆ ಕೇಳಿಸಿದೆ. ಹೆಡ್‌ಫೋನ್ ಹಾಕಿಕೊಂಡು ಗಂಭೀರವಾಗಿ ಪೂರ್ತಿ ಕೇಳಿದರು. ‘ಬೇಸ್ ಗಿಟಾರ್ ಚೆನ್ನಾಗಿದೆ’ ಅಂದರು. ಆಮೇಲೆ, ‘ಇಂಗ್ಲಿಷ್ ನಮ್ಮ ಅಬ್ಬಾದವರ ಹಾಗೇ ಇದೆ. ಅವರ ಸಾಲುಗಳನ್ನೂ ನಿಧಾನವಾಗಿ ಓದಿದರೆ ಕೆಲವು ಕಡೆ ಎಡವಟ್ಟು. ಬೇರೆಯವರ ಭಾಷೆಯಲ್ಲಿ ಧೈರ್ಯವಾಗಿ ಹಾಡಿದರೆ ಹಾಗೇ ಆಗೋದು’ ಅಂದರು. ಅಬ್ಬಾವನ್ನು ಅವರು ಹೊಗಳಿದ್ದು ನಾನು ಕೇಳಿದ್ದು ಅದೊಂದೇ ಸಲ, ಅದೂ ಅಣ್ಣಾವ್ರ ನೆಪದಲ್ಲಿ.

ಒಂದು ವಿಷಯದಲ್ಲಿ ಮಾತ್ರ ನಾವು ಇವರಿಗಿಂತ ಮುಂದಿದ್ದೇವೆ. 2022ರ ಮೇ ತಿಂಗಳಿನಿಂದ ಲಂಡನ್ನಿನಲ್ಲಿ ‘ಅಬ್ಬಾ ವಾಯೇಜ್’ ನಡೆಯುತ್ತಿದೆ. ಎಪ್ಪತ್ತರ ಆಸುಪಾಸಿನ ನಾಲ್ವರಿಗೂ ಸೆನ್ಸರ್ ಇರುವ ಬಟ್ಟೆ ತೊಡಿಸಿ, 160 ಕ್ಯಾಮೆರಾ ಇಟ್ಟು ಐದು ವಾರ ಹಾಡಿಸಿ ಕುಣಿಸಿ, ಅದರಿಂದ ಹರೆಯದ ಅಬ್ಬಾವನ್ನು ಕಂಪ್ಯೂಟರಿನಲ್ಲಿ ಮಾಡಿದ್ದಾರೆ. ಅದಕ್ಕಾಗಿಯೇ ಕಟ್ಟಿದ ಮೂರು ಸಾವಿರ ಜನ ಹಿಡಿಯುವ ರಂಗಮಂದಿರ. ಇಲ್ಲಿ ಆಗ ಆಫೀಸಿನಲ್ಲೆಲ್ಲ ಚರ್ಚೆ. ಬೆಳಕಿನ ಬೊಂಬೆಗೆ ಚಪ್ಪಾಳೆ ತಟ್ಟುವುದು ಸರಿಯೋ ತಪ್ಪೋ ಅಂತ. ನಾನು ನಗುತ್ತಾ ಕುಳಿತಿದ್ದೆ. ತಿಪಟೂರಿನ ಗಣೇಶನ ಆರ್ಕೆಸ್ಟ್ರಾದಲ್ಲಿ ಜೂನಿಯರ್ ರಾಜ್‌ಕುಮಾರ್, ಜೂನಿಯರ್ ವಿಷ್ಣುವರ್ಧನ್, ಜೂನಿಯರ್ ಅಂಬರೀಷ್ ಮೂವರನ್ನೂ ಒಂದೇ ರಾತ್ರಿ ನೋಡಿದವನು ನಾನು. ಒಂದು ವಿಗ್, ಒಂದು ಕೂಲಿಂಗ್ ಗ್ಲಾಸ್, ಕೈಗೊಂದು ಕಡಗ. ಕ್ಯಾಮೆರಾ ಒಂದೂ ಇರಲಿಲ್ಲ.

ಇಲ್ಲಿಯವರದ್ದೆಲ್ಲ ಚೆಂದ ಅಂತ ನಾನು ಹೇಳುತ್ತಿಲ್ಲ. ಇವರಿಗೆ ಹಾಡಲು ಹೊತ್ತು ಗೊತ್ತು ಬೇಕು. ಬಸ್ಸಿನಲ್ಲಿ ಯಾರೂ ಗುನುಗುವುದಿಲ್ಲ. ಮೆಟ್ರೋದಲ್ಲಿ ನಾನೊಮ್ಮೆ ಗುನುಗಿದರೆ ಪಕ್ಕದವರು ಎದ್ದು ಬೇರೆ ಸೀಟಿಗೆ ಹೋದರು. ಊಟಕ್ಕೆ ಕರೆದರೆ ಹಾಡು ಇರುತ್ತದೆ, ಆದರೆ ಮೇಜಿನ ಮೇಲೆ ಸಾಲು ಅಚ್ಚು ಹಾಕಿದ ಕಾಗದ ಇಟ್ಟಿರುತ್ತಾರೆ. ಹಾಡಿ, ಗ್ಲಾಸು ಎತ್ತಿ, ಮತ್ತೆ ಮೌನ. ಇಡೀ ಊರು ಸೇರಿ ಹಾಡುವುದಕ್ಕೆ ಒಂದು ದಿನವೇ ಗೊತ್ತು ಮಾಡಿದ್ದಾರೆ, ಮಂಗಳವಾರ. ‘ಆಲ್‌ಸೋಂಗ್’ ಅಂತ ಅದರ ಹೆಸರು, ಎಲ್ಲರ ಹಾಡು. ಸ್ಕಾನ್ಸೆನ್ ಅನ್ನುವ ಬಯಲು ಮ್ಯೂಸಿಯಂನಲ್ಲಿ 1935ರಿಂದ ಬೇಸಿಗೆಯಲ್ಲಿ ನಡೆಯುತ್ತಿದೆ. 1979ರಿಂದ ಟಿವಿಯಲ್ಲೂ ಬರುತ್ತದೆ. ಜನ ಕೈಯಲ್ಲಿ ಹಾಡಿನ ಪುಸ್ತಕ ಹಿಡಿದು ಸಾವಿರಗಟ್ಟಲೆ ನಿಂತು ಹಾಡುತ್ತಾರೆ. ನೂರು ವರ್ಷದ ಹಳೇ ಹಾಡು, ನಿನ್ನೆ ಮೊನ್ನೆಯ ಹಾಡು, ಒಳ್ಳೆಯದು, ನಾಚಿಕೆ ದಿಂಬಿನದು, ಎಲ್ಲ ಒಂದೇ ಪುಸ್ತಕದಲ್ಲಿ.

2017ರ ಬೇಸಿಗೆಗೆ ಅಪ್ಪ ಅಮ್ಮ ಬಂದಿದ್ದರು. ಒಂದು ಮಂಗಳವಾರ ಅಪ್ಪನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ರಾತ್ರಿ ಎಂಟಾದರೂ ಬಿಸಿಲು. ಸ್ವೆಟರ್, ಮಂಕಿ ಕ್ಯಾಪ್ ಹಾಕಿಕೊಂಡು ಅಪ್ಪ ಜನರ ನಡುವೆ ನಿಂತರು. ಕೈಯಲ್ಲಿ ಪುಸ್ತಕ ಕೊಟ್ಟೆ. ಒಂದು ಅಕ್ಷರ ಅರ್ಥವಾಗದಿದ್ದರೂ ಬೇರೆಯವರು ಹಾಳೆ ತಿರುಗಿಸಿದಾಗ ತಾವೂ ತಿರುಗಿಸಿದರು. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಅಪ್ಪನ ಪುಸ್ತಕದಲ್ಲಿ ಬೆರಳಿಟ್ಟು ಸಾಲು ತೋರಿಸಿದರು. ಅಪ್ಪ ಎರಡನೇ ಚರಣಕ್ಕೆ ರಾಗ ಹಿಡಿದುಬಿಟ್ಟರು. ಪದ ಇಲ್ಲದೆ, ಬರೀ ‘ತನನ’ ಅಂತ.

ವಾಪಸ್ ಬರುವಾಗ, ‘ಹಾಡೋಕೆ ಇವರಿಗೆ ಪುಸ್ತಕ ಬೇಕೇನೋ?’ ಅಂತ ಕೇಳಿದರು. ನಾನು ನಕ್ಕೆ. ಟ್ರಾಮ್‌ನಲ್ಲಿ ಸೀಟು ಸಿಕ್ಕಿತು. ಹೊರಗೆ ನೀರು, ಇನ್ನೂ ಮುಳುಗದ ಸೂರ್ಯ. ಅಪ್ಪ ಕಿಟಕಿ ಕಡೆ ನೋಡುತ್ತಾ ಏನೋ ಗುನುಗುತ್ತಿದ್ದರು. ಮೊದಲು ಸ್ವೀಡಿಶ್ ರಾಗ ಅಂದುಕೊಂಡೆ. ಕಿವಿಗೊಟ್ಟು ಕೇಳಿದರೆ ಪ್ರೇಮಲೋಕ. ಅದೂ ಬಿ ಸೈಡಿನ ಮೊದಲನೇ ಹಾಡು, ಮಂಗಳಾರತಿ ಹೊತ್ತಿಗೆ ಬಂದದ್ದು.

‘ಅಪ್ಪಾ, ಇದು ಯಾವ ಹಾಡು ಗೊತ್ತಾ?’ ಅಂದೆ.

‘ಗೊತ್ತು ಕಣೋ’ ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಸೇರಿಸಿದರು: ‘ಪಿಬಿಎಸ್ ಹಾಡಿದ್ದಿದ್ರೆ ಇನ್ನೂ ಚೆನ್ನಾಗಿರ್ತಿತ್ತು.’